ಕೆಳಗೆ ಹೆಸರಿಲ್ಲದ ಕಾಗದ

ಮೈಸೂರು
18-11-1975

ತೀರ್ಥರೂಪು ಅಪ್ಪಾಜಿಯವರಿಗೆ ಗಿರಿಜೆಯ ಶರಣಾರ್ಥಿ.

ನಾನು ಚೆನ್ನಾಗಿದ್ದೇನೆ. ಎಂ.ಎ. ಪಾಠಗಳು ನಡೆಯುತ್ತಿವೆ. ಈ ಕಾಗದ ಅಂಚೆಯಲ್ಲಿ ಬಾರದೆ ತಿಪ್ಪಯ್ಯ ಮಾವನ ಲಾರಿಯಲ್ಲಿ ಬಂದದ್ದಕ್ಕೆ ನೀವು ಹುಬ್ಬು ಗಂಟಿಕ್ಕಿರುತ್ತೀರಿ. ತುರ್ತು ಪರಿಸ್ಥಿತಿ ಬಂದಾಗಿನಿಂದ ನಮ್ಮ ಕಾಗದಗಳನ್ನು ನಮಗಿಂತ ಮೊದಲು ಬೇರೆ ಯಾರೋ ಓದುತ್ತಾರೆ ಎಂದು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಮಾವ ಇಲ್ಲಿಗೆ ತೆಂಗಿನಕಾಯಿ ತಂದು ಇಳಿಸಿ ಖಾಲಿ ಚೀಲ ವಾಪಸು ಒಯ್ಯುತ್ತಾರಲ್ಲ, ಆ ಚೀಲಗಳ ನಡುವೆ ಒಂದು ಕಟ್ಟು ಇಟ್ಟಿದ್ದೇನೆ.

ಕಟ್ಟಿನಲ್ಲಿರುವುದು ಕರಪತ್ರ. ಇಲ್ಲಿಯ ಕೆಲವು ಗೆಳೆಯರು ಬರೆದು ಸೈಕ್ಲೋಸ್ಟೈಲ್ ಮಾಡಿದ್ದಾರೆ. ಪತ್ರಿಕೆಗಳು ಬಾಯಿ ಮುಚ್ಚಿವೆ, ನಾಲ್ಕು ಜನ ಒಟ್ಟಿಗೆ ನಿಂತು ಮಾತಾಡಿದರೆ ಯಾರು ಏನು ಎಂದು ವಿಚಾರಿಸುತ್ತಾರೆ. ದೇಶದಲ್ಲಿ ಏನಾಗುತ್ತಿದೆ ಎಂದು ಹಳ್ಳಿಯವರಿಗೂ ತಿಳಿಯಬೇಡವೇ? ನಲವತ್ತೇಳರಲ್ಲಿ ಮೈಸೂರು ಚಲೋ ಕಾಲಕ್ಕೆ ನೀವು ಕರಪತ್ರಗಳನ್ನು ಪಂಚೆಗೆ ಸುತ್ತಿಕೊಂಡು ತುರುವೇಕೆರೆಯವರೆಗೆ ನಡೆದವರು. ಆ ಕಥೆ ಕೇಳಿಯೇ ನಾನು ಬೆಳೆದದ್ದು. ಆದ್ದರಿಂದ ಬೇರೆ ಯಾರನ್ನೂ ಕೇಳದೆ ನಿಮ್ಮನ್ನೇ ಕೇಳುತ್ತಿದ್ದೇನೆ. ಇದನ್ನು ಊರಿನಲ್ಲಿ ಹಂಚಿಸಿಕೊಡಿ.

ಓದಿ ಹೇಗಿದೆ ಎಂದು ಬರೆಯಿರಿ. ಬರೆದವರಿಗೆ ತಿಳಿಸುತ್ತೇನೆ.

ನಿಮ್ಮ ಮಗಳು,
ಗಿರಿಜಾ

~

ನೊಣವಿನಕೆರೆ
5-12-1975

ಚಿ. ಗಿರಿಜೆಗೆ ಆಶೀರ್ವಾದಗಳು.

ನಿನ್ನ ಗೆಳೆಯರ ಕರಪತ್ರ ಹಂಚಿಸಿದೆ. ಅದರ ಫಲ ಹೇಳುತ್ತೇನೆ, ಕೂತುಕೊಂಡು ಓದು.

ನಮ್ಮ ತೋಟ ನೋಡಿಕೊಳ್ಳುವ ಕರಿಯಣ್ಣ ಬೆಳಗಿನ ಜಾವ ಮನೆಮನೆಯ ಬಾಗಿಲ ಸಂದಿಗೆ ಸಿಕ್ಕಿಸಿ ಬಂದ. ಹೊತ್ತೇರುವುದರೊಳಗೆ ಊರಲ್ಲಿ ಗುಲ್ಲೆದ್ದಿತು. ನೀವು ಬಯಸಿದ ಗುಲ್ಲಲ್ಲ. ಯಾರೋ ಯಾರ ಮೇಲೋ ಮೂಗರ್ಜಿ ಬರೆದಿದ್ದಾರೆ ಎಂಬ ಗುಲ್ಲು. ಹೆಸರು ಹಾಕದೆ ಸರ್ಕಾರಕ್ಕೆ ಚಾಡಿ ಬರೆಯುವವರನ್ನು ಕಂಡರೆ ನಮ್ಮ ಜನ ಎಷ್ಟು ಹೇಸುತ್ತಾರೆ ಎಂದು ನಿನಗೆ ಗೊತ್ತು. ಒಬ್ಬೊಬ್ಬರೂ ಕಾಗದದ ಕೆಳತುದಿಯನ್ನು ಮೊದಲು ನೋಡಿದರು. ಅಲ್ಲಿ ಹೆಸರಿಲ್ಲ ಎಂದು ಕಂಡ ಮೇಲೆ ಮೇಲಿರುವುದನ್ನು ಓದುವ ಗೋಜಿಗೇ ಹೋಗಲಿಲ್ಲ. ಕೆಲವರು ಒಲೆಗೆ ಹಾಕಿದರು. ಅಂಗಡಿ ಸದಾಶಿವಯ್ಯನಂತೂ ತನ್ನ ಮೇಲೆಯೇ ಬರೆದಿದ್ದಾರೆ ಎಂದುಕೊಂಡು ಕಾಗದ ಹಿಡಿದು ನೆಟ್ಟಗೆ ಪೊಲೀಸ್ ಚೌಕಿಗೆ ಹೋದ. ದಫೇದಾರರು ಓದಿ, ಇದು ನಿನ್ನ ಮೇಲಲ್ಲಯ್ಯ, ಪ್ರಧಾನಮಂತ್ರಿಗಳ ಮೇಲೆ ಎಂದರಂತೆ. ಅದಕ್ಕೆ ಇವನು, "ಯಾರ ಮ್ಯಾಲಾದ್ರೂ ಆಗ್ಲಿ ಸ್ವಾಮಿ, ಹೆಸ್ರು ಹಾಕ್ದೆ ಬರ್ಯೋನು ಗಂಡಸಲ್ಲ, ಹಿಡೀರಿ" ಅಂದನಂತೆ. ದಫೇದಾರರು ನನ್ನ ಹತ್ತಿರವೂ ಬಂದಿದ್ದರು. ಕಾಫಿ ಕೊಟ್ಟು ಕಳುಹಿಸಿದೆ.

ಇನ್ನು ಬರವಣಿಗೆ. ಈ ಸುತ್ತಿನ ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಶಿವಗಣಾರಾಧನೆಯ ಕಾಗದ ಎಲ್ಲವನ್ನೂ ಜನ ನನ್ನ ಕೈಯಲ್ಲೇ ಬರೆಸಿಕೊಂಡು ಹೋಗುತ್ತಾರೆ. ಆದ್ದರಿಂದ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ. ನಿನ್ನ ಗೆಳೆಯರು ಕಂಡಕಂಡಲ್ಲಿ "ಎದ್ದೇಳಿ" ಎಂದು ಬರೆದಿದ್ದಾರೆ. ನಮ್ಮೂರವರು ಕೋಳಿ ಕೂಗುವ ಮುಂಚೆಯೇ ಎದ್ದು ಕೊಟ್ಟಿಗೆ ಗುಡಿಸಿರುತ್ತಾರೆ, ಮಲಗಿರುವವರು ಬರೆದವರೇ ಇರಬೇಕು. "ಸರ್ವಾಧಿಕಾರದ ಕಬಂಧಬಾಹು" ಎಂದರೆ ಯಾರ ತೋಳು ಎಂದು ಮನೆಗೆಲಸದ ಚೌಡಮ್ಮ ಕೇಳಿದಳು. ಅವಳಿಗೆ ಕಬಂಧನ ಕಥೆ ಹೇಳುವಷ್ಟರಲ್ಲಿ ಸರ್ವಾಧಿಕಾರ ಮರೆತೇಹೋಯಿತು. ಒಟ್ಟಿನಲ್ಲಿ ಬೈಗುಳಕ್ಕೆ ಬಲ ಇದೆ. ಕರೆಯುವ ಮಾತಿಗೆ ಇಲ್ಲ.

ಬರೆದವರಿಗೆ ತಪ್ಪದೆ ತಿಳಿಸು.

ಮರುಳಸಿದ್ದಯ್ಯ

~

ಮೈಸೂರು
11-1-1976

ಅಪ್ಪಾಜಿಯವರಿಗೆ,

ಸದಾಶಿವಯ್ಯನವರ ಮಾತು ನಿಜ. ಬರೆದವರು ಗಂಡಸಲ್ಲ. ನಾನು.

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಈಗಲೂ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ. ದೊಡ್ಡ ಮಾತು ಯಾಕೆ ಬರೆದಿರಿ ಎನ್ನುತ್ತೀರಿ. ಹೆದರಿಕೆ ದೊಡ್ಡದಾಗಿದೆ ಅಪ್ಪಾಜಿ, ಅದರ ಮುಂದೆ ಸಣ್ಣ ಮಾತು ಕೇಳಿಸುವುದಿಲ್ಲ. ನಮ್ಮ ಮೇಷ್ಟರೊಬ್ಬರು ಪಾಠದ ನಡುವೆ ಒಂದು ವಾಕ್ಯ ಹೇಳಿ, ತಾವೇ ಬೆಚ್ಚಿ ಬಾಗಿಲ ಕಡೆ ನೋಡಿದರು. ನಲವತ್ತು ವರ್ಷ ದಾಟಿದ ಮನುಷ್ಯ, ಅವರ ಮುಖ ನೋಡಲಾಗಲಿಲ್ಲ. ಅದನ್ನು ನೋಡಿ ಬಂದ ದಿನ ನಾನು ಕಬಂಧನನ್ನು ಬರೆದದ್ದು.

ಕೆಳಗೆ ಹೆಸರು ಬೇಕಂತೆ. ಹೆಸರು ಹಾಕಿದವರೆಲ್ಲ ಈಗ ಎಲ್ಲಿದ್ದಾರೆ ಎಂದು ನಿಮಗೆ ತಿಳಿಯದೇ? ಲಗ್ನಪತ್ರಿಕೆಗೆ ಹೆಸರು ಹಾಕಿದವರನ್ನು ಯಾರೂ ಜೀಪಿನಲ್ಲಿ ಎತ್ತಿಕೊಂಡು ಹೋಗುವುದಿಲ್ಲ.

ಆದರೂ ನಿಮ್ಮ ಮಗಳೇ ತಾನೇ, ಬಿಟ್ಟೇನೆಯೇ. ಎರಡನೆಯದು ಬರೆದಿದ್ದೇನೆ. ಒಂದೇ ಪುಟ. ಎದ್ದೇಳಿ ಎಂದು ಎಲ್ಲೂ ಇಲ್ಲ. ನಡುವೆ ಹೀಗೊಂದು ಸಾಲು ಬರುತ್ತದೆ: "ಮಾತಾಡಲು ಹೆದರುವ ಮನೆಯಲ್ಲಿ ಮಕ್ಕಳು ಸುಳ್ಳು ಹೇಳುವುದನ್ನು ಕಲಿಯುತ್ತವೆ. ಊರೂ ಒಂದು ಮನೆ." ನೋಡಿ, ತಿದ್ದಿ. ಬೈಯುವುದಾದರೆ ಈ ಸಲ ನನ್ನ ಹೆಸರು ಹಿಡಿದೇ ಬೈಯಿರಿ.

ಹಾಸ್ಟೆಲ್ ಬಿಟ್ಟು ಗೆಳತಿಯ ಮನೆಯ ಹಿಂದಿನ ಕೋಣೆಗೆ ಬಂದಿದ್ದೇನೆ. ಅಲ್ಲಿಯ ಊಟ ಒಗ್ಗುತ್ತಿರಲಿಲ್ಲ. ಅವ್ವನಿಗೆ ಹೇಳಿ, ಚಿಂತೆ ಬೇಡ.

ಗಿರಿಜಾ

~

ನೊಣವಿನಕೆರೆ
2-2-1976

ಚಿ. ಗಿರಿಜೆಗೆ,

ಬರೆದದ್ದು ನೀನೆಂದು ಮೊದಲ ದಿನವೇ ಗೊತ್ತಿತ್ತು. ಹೈಸ್ಕೂಲಿನಲ್ಲಿ ನೀನು ಬರೆದ ಕಾಲರಾ ಪ್ರಬಂಧದಲ್ಲೂ ಇದೇ ಕಬಂಧ ಬಂದಿದ್ದ. ಆಗ ಮೇಷ್ಟರು ಅಂಕ ಕೊಟ್ಟರು, ಅಲ್ಲಿಂದ ಅವನು ನಿನ್ನನ್ನು ಬಿಟ್ಟಿಲ್ಲ. ನೀನು ಒಪ್ಪಿಕೊಳ್ಳುತ್ತೀಯೋ ಇಲ್ಲವೋ ನೋಡೋಣ ಎಂದು ಸುಮ್ಮನಿದ್ದೆ. ಒಪ್ಪಿಕೊಂಡ ರೀತಿ ಹಿಡಿಸಿತು.

ಊಟ ಒಗ್ಗದೆ ಹಾಸ್ಟೆಲ್ ಬಿಟ್ಟೆ ಎಂದು ಓದಿ ನಿನ್ನ ಅವ್ವ ಅತ್ತುಬಿಟ್ಟಳು. ಹುರಿಹಿಟ್ಟು, ತಂಬಿಟ್ಟು, ಚಟ್ನಿಪುಡಿ ಕಳುಹಿಸಿದ್ದಾಳೆ. ನಾನೂ ಒಂದು ಮಾತು ಹೇಳುತ್ತೇನೆ. ದೇಶದ ಚಿಂತೆ ಮಾಡುವವರು ಮೊದಲು ಹೊಟ್ಟೆ ನೋಡಿಕೊಳ್ಳಬೇಕು.

ಎರಡನೆಯ ಬರವಣಿಗೆ ಎಷ್ಟೋ ವಾಸಿ. ಕೆಲವು ಕಡೆ ಕೆಂಪು ಶಾಯಿ ಹಾಕಿದ್ದೇನೆ, ನೋಡಿಕೋ. ಮಕ್ಕಳು ಸುಳ್ಳು ಕಲಿಯುವ ಸಾಲು ಹೊಡೆದುಹಾಕಿದ್ದೇನೆ. ಕರೆಯಲು ಹೋದ ಮನೆಯಲ್ಲಿ ಮಕ್ಕಳ ತಪ್ಪು ಎತ್ತುತ್ತಾರೆಯೇ? ಹೆತ್ತವರಿಗೆ ಚುಚ್ಚುತ್ತದೆ. ಚುಚ್ಚಿಸಿಕೊಂಡವನು ನಿನ್ನ ಮುಂದಿನ ಮಾತು ಕೇಳುವುದಿಲ್ಲ.

ಇನ್ನೊಂದು. ನಮ್ಮ ಕಡೆ ಕಾಗದ ಯಾರನ್ನೂ ಕರೆಯುವುದಿಲ್ಲ, ಮನುಷ್ಯ ಕರೆಯುತ್ತಾನೆ. ಕಾಗದ ಬರೀ ಜ್ಞಾಪಕಕ್ಕೆ. ಬಾಗಿಲಿಗೆ ಹೋಗಿ, ಹೆಣ್ಣುಮಕ್ಕಳಿಗೆ ಕುಂಕುಮ ಕೊಟ್ಟು, ಯಜಮಾನನ ಕೈಗೆ ಅಕ್ಷತೆ ಹಾಕಿ "ಬರಬೇಕು" ಎಂದರೆ ಮುಗಿಯಿತು. ಮಾತು ಬಿಟ್ಟ ಮನೆಯವರಾದರೂ ಮನೆಗೊಬ್ಬರು ಬಂದು ಮುಖ ತೋರಿಸಿ ಹೋಗುತ್ತಾರೆ. ನೀನು ಮಾಡಬೇಕಾದದ್ದು ಅಂಥ ಕಾಗದ. ಆದರೆ ಅಂಥದ್ದರ ಕೆಳಗೆ ಕರೆಯುವವರ ಹೆಸರು ಇರಲೇಬೇಕು, ಈಗಿನ ಕಾಲದಲ್ಲಿ ಅದಕ್ಕೆ ಯಾರೂ ಸಿಗುವುದಿಲ್ಲ ಎನ್ನುವುದನ್ನೂ ಒಪ್ಪುತ್ತೇನೆ. ಅಲ್ಲಿಗೆ ಮಾತು ನಿಂತಿತು.

ಮರುಳಸಿದ್ದಯ್ಯ

~

ಮೈಸೂರು
20-2-1976

ಅಪ್ಪಾಜಿ,

ತಂಬಿಟ್ಟು ಬಂತು, ಖಾಲಿಯೂ ಆಯಿತು. ನಿಮ್ಮ ಕೆಂಪು ಶಾಯಿಯನ್ನೆಲ್ಲ ಒಪ್ಪಿದೆ. ಆ ಒಂದು ಸಾಲು ಮಾತ್ರ ಹೋಗುವುದಿಲ್ಲ. ಚುಚ್ಚಬೇಕೆಂದೇ ಬರೆದದ್ದು. ಉಳಿದದ್ದೆಲ್ಲ ಆ ಸಾಲಿಗಾಗಿ ಇದೆ. ಅದು ಬೇಡವಾದರೆ ಕಾಗದವೇ ಬೇಡ.

ಗಿರಿಜಾ

~

ಮೈಸೂರು
20-4-1976
(ಅಂಚೆಯ ಮೂಲಕ)

ತೀರ್ಥರೂಪು ಅಪ್ಪಾಜಿಯವರಿಗೆ ನಮಸ್ಕಾರಗಳು.

ನಾನು ಕ್ಷೇಮ. ಪರೀಕ್ಷೆಗೆ ಓದುತ್ತಿದ್ದೇನೆ. ಬಿಸಿಲು ಜಾಸ್ತಿ. ಮೈಸೂರಿನಲ್ಲಿ ಈಗ ತೆಂಗಿನಕಾಯಿಗೆ ಬೆಲೆ ಇಲ್ಲ. ತಿಪ್ಪಯ್ಯ ಮಾವ ಸ್ವಲ್ಪ ಕಾಲ ಈ ಕಡೆ ಕಾಯಿ ತರುವುದು ಬೇಡ. ಅವ್ವನಿಗೆ ನಮಸ್ಕಾರ.

ಗಿರಿಜಾಂಬಿಕಾ

~

ನೊಣವಿನಕೆರೆ
22-6-1976

ಚಿ. ಗಿರಿಜೆಗೆ ಆಶೀರ್ವಾದಗಳು.

ಇದನ್ನು ನಂಜನಗೂಡಿಗೆ ಹೊರಟಿರುವ ನಿನ್ನ ಅತ್ತೆ ಗುರುಸಿದ್ದಮ್ಮನ ಕೈಯಲ್ಲಿ ಕೊಡುತ್ತಿದ್ದೇನೆ. ಲಾರಿಯ ದಾರಿ ಮುಚ್ಚಿತು. ಅದಕ್ಕೆ ಕಾರಣ ನಾನೇ.

ಕಾಯಿಗೆ ಬೆಲೆ ಇಲ್ಲ ಎಂದು ನೀನು ಬರೆದೆಯಲ್ಲ. ನಾನು ತಿಪಟೂರಿನಲ್ಲಿ ವಿಚಾರಿಸಿದೆ. ಮೈಸೂರಿನ ಧಾರಣೆ ಯಾವತ್ತಿಗಿಂತ ಚೆನ್ನಾಗಿದೆ ಎಂದರು. ಮಗಳು ಕನ್ನಡ ಓದುವವಳು, ಪೇಟೆಯ ವಿಷಯ ಅವಳಿಗೇನು ಗೊತ್ತು ಎಂದು ನಕ್ಕು, ಲಾರಿ ತುಂಬಿಸಿ, ನಿನಗೊಂದು ಕಾಗದವನ್ನೂ ಕೊಟ್ಟು ಕಳುಹಿಸಿದೆ. ಶ್ರೀರಂಗಪಟ್ಟಣದ ಆಚೆ ತಡೆದು ಕಾಯಿಯನ್ನೆಲ್ಲ ರಸ್ತೆಗೆ ಸುರಿಸಿ ಹುಡುಕಿದರಂತೆ. ಕಾಗದ ತಿಪ್ಪಯ್ಯನ ರುಮಾಲಿನೊಳಗಿತ್ತು. ಪ್ರಾಣ ಹೋದರೂ ತಲೆಯ ರುಮಾಲು ಬಿಚ್ಚುವುದಿಲ್ಲ ಎಂದು ಅವನು ಹಟ ಹಿಡಿದು ಉಳಿಸಿಕೊಂಡು ಬಂದ. ಬಂದವನು ಜಗಲಿಯ ಮೇಲೆ ಕುಸಿದು ಕೂತು ಹೇಳಿದ: "ಭಾವ, ಗಿರಿಜವ್ವನ ಜೊತೇಲಿದ್ದ ಹುಡುಗ್ರನ್ನ ಪೊಲೀಸ್ನೋರು ಚಳಿಗಾಲ್ದಲ್ಲೇ ಎತ್ತಾಕ್ಕಂಡು ಹೋಗವ್ರೆ ಕಣ್ರೀ. ಆ ಕಾಗ್ದ ಬರ್ದೋರು ಸಿಗೋಗಂಟ ಬುಡಾಕಿಲ್ಲ ಅಂತವ್ರೆ."

ಹಾಸ್ಟೆಲ್ ಬಿಟ್ಟದ್ದು ಊಟಕ್ಕಲ್ಲ ಎಂದು ಆಗ ತಿಳಿಯಿತು. ನಾವು ಇಲ್ಲಿ ಹುರಿಹಿಟ್ಟು ಕುಟ್ಟುತ್ತಿದ್ದೆವು. ನಿನ್ನ ಅವ್ವನಿಗೆ ನಾನಿನ್ನೂ ಹೇಳಿಲ್ಲ.

ಈಗ ನನ್ನ ಸಮಾಚಾರ. ಬರುವ ಶನಿವಾರಕ್ಕೆ ತುರ್ತು ಪರಿಸ್ಥಿತಿಗೆ ವರ್ಷ ತುಂಬುತ್ತದೆ. ನಾನು ಒಂದು ಆಹ್ವಾನಪತ್ರಿಕೆ ಅಚ್ಚು ಹಾಕಿಸಿದ್ದೇನೆ. ತಿಪಟೂರಿನ ಪ್ರೆಸ್ಸಿನ ವೀರಭದ್ರಯ್ಯ, ಮದುವೆ ಕಾರ್ಡಿನ ಉಳಿದ ಹಳದಿ ಕಾಗದದಲ್ಲಿ ತಾನೇ ಕೂತು ಅಚ್ಚಿನ ಮೊಳೆ ಜೋಡಿಸಿ ಮಾಡಿಕೊಟ್ಟ. ಪ್ರೆಸ್ಸಿನ ಹೆಸರು ಬೇಡವೆಂದು ನಾನೇ ಹಟ ಮಾಡಿ ತೆಗೆಸಿದೆ. ಹೊರಗಡೆ ನನ್ನ ಮಾತು, ಮಡಚಿದ ಒಳಪುಟದಲ್ಲಿ ನಿನ್ನ ಬರಹ. ಹೊರಗಿನದು ಹೀಗಿದೆ:

"ಮಾನ್ಯರೇ, ನಾವು ನೀವು ಒಟ್ಟಿಗೆ ಕೂತು ದೇಶದ ಕಷ್ಟಸುಖ ಮಾತಾಡಿ ವರ್ಷವಾಯಿತು. ಶನಿವಾರ ಸಂಜೆ ಅರಳೀಕಟ್ಟೆಯ ಬಳಿ ಮನೆಗೊಬ್ಬರಂತೆ ಬಂದು ಒಂದು ಗಳಿಗೆ ಕೂತು ಹೋಗಬೇಕು. ಭಾಷಣ ಇಲ್ಲ, ಜೈಕಾರ ಇಲ್ಲ. ಒಂದು ಪುಟ ಓದುವುದಿದೆ. ಬೆಲ್ಲ ಕೊಬ್ಬರಿ ಸ್ವೀಕರಿಸಿ ನಮ್ಮನ್ನು ಸಂತೋಷಪಡಿಸಬೇಕಾಗಿ ಬೇಡುವ, ಮರುಳಸಿದ್ದಯ್ಯ."

ಕೆಳಗೆ ನನ್ನ ಹೆಸರೊಂದೇ. ಇನ್ನು ಯಾರನ್ನೂ ಕೇಳಲಿಲ್ಲ. ನಾಳೆಯಿಂದ ಅಕ್ಷತೆ ಬಟ್ಟಲು ಹಿಡಿದು ಮನೆಮನೆಗೆ ಹೊರಡುತ್ತೇನೆ. ನಿನ್ನ ಹಟದ ಸಾಲನ್ನು ಇರಲಿ ಎಂದು ಬಿಟ್ಟಿದ್ದೇನೆ, ಅದು ಸರಿ ಎಂದಲ್ಲ.

ಬರೆದವರನ್ನು ಹುಡುಕುತ್ತಿದ್ದಾರಲ್ಲ, ಇನ್ನು ಅವರು ಅಷ್ಟು ಕಷ್ಟಪಡಬೇಕಾಗಿಲ್ಲ. ನೀನು ಊರಿಗೆ ಬರಬೇಡ. ನಿನ್ನ ಬಳಿ ಈ ಬರಹದ ಚೂರು ಇದ್ದರೂ ಸುಟ್ಟುಬಿಡು. ಇದು ಅಪ್ಪನ ಮಾತು, ಇದಕ್ಕೆ ನಿನ್ನ ತಿದ್ದುಪಡಿ ಬೇಡ.

ಮರುಳಸಿದ್ದಯ್ಯ

~

ನೊಣವಿನಕೆರೆ
18-7-1976
(ತುಮಕೂರು ಜೈಲಿನ ವಿಳಾಸಕ್ಕೆ)

ತೀರ್ಥರೂಪು ಅಪ್ಪಾಜಿಯವರಿಗೆ,

ಬರಬೇಡ ಎಂದಿರಿ, ಬಂದಿದ್ದೇನೆ. ಅವ್ವನ ಜೊತೆ ಇದ್ದೇನೆ.

ಆ ಶನಿವಾರ ನೀವು ಹೋದ ಮೇಲೆ ಏನಾಯಿತು ಎಂದು ನಿಮಗೆ ಯಾರೂ ಹೇಳಿರಲಾರರು. ಚೌಡಮ್ಮ ನನಗೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ನಿಮ್ಮಪ್ಪಾರು ದಫೇದಾರ್ರಿಗೂ ಅಕ್ಷತೆ ಕೊಟ್ಟು ಕರ್ದಿದ್ರು ಕಣವ್ವ. ಕರ್ದ ಮ್ಯಾಲೆ ಬರ್ದೆ ಇರಾಕಾಯ್ತದಾ? ಅವ್ರೂ ಬಂದು ಕೂತ್ಕಂಡ್ರು, ಬೆಲ್ಲ ಕೊಬ್ರಿ ತಿಂದ್ರು. ಸದಾಶಿವಯ್ಯನೂ ಬಂದಿದ್ದ. ಅಪ್ಪಾರು ಓದಿದ್ರು. ಮಕ್ಳು ಸುಳ್ಳು ಕಲೀತವೆ ಅಂದ್ರಲ್ಲ, ಅಲ್ಲಿ ಸದಾಶಿವಯ್ಯ ತಲೆ ಬಗ್ಗಿಸ್ಕಂಡೋನು ಎತ್ತಲೇ ಇಲ್ಲ. ಓದಿ ಮುಗಿಯೋಗಂಟ ಸುಮ್ಕಿದ್ದು ದಫೇದಾರ್ರು ಎದ್ದು ಟೋಪಿ ಹಾಕ್ಕಂಡು, ಯಜಮಾನ್ರೇ ಹೊರಡಾನ ಅಂದ್ರು. ಜೀಪು ಹೋಯ್ತು. ಯಾರೂ ಏಳ್ನಿಲ್ಲ. ಕತ್ಲಾಗೋಗಂಟ ಅಲ್ಲೇ ಕೂತಿದ್ವಿ. ಯಾರೂ ಏನೂ ಮಾತಾಡ್ನಿಲ್ಲ ಕಣವ್ವ, ಆದ್ರೂ ಮಾತಾಡ್ದಂಗೇ ಇತ್ತು."

ಈಗ ನನ್ನ ಮಾತು ಕೇಳಿ. ಇನ್ನು ಮುಂದೆ ಇಂಥದ್ದಕ್ಕೆ ಹೋಗುವುದಿಲ್ಲ, ಸರ್ಕಾರದ ಕಾರ್ಯಕ್ರಮಗಳಿಗೆ ಬೆಂಬಲವಿದೆ ಎಂದು ಒಂದು ಕಾಗದಕ್ಕೆ ಸಹಿ ಹಾಕಿದರೆ ನಿಮ್ಮನ್ನು ಬಿಡುತ್ತಾರೆ ಎಂದು ಹೇಳಿ ಕಳುಹಿಸಿದ್ದಾರೆ. ಸಹಿ ಹಾಕಿ ಬನ್ನಿ.

ಮಳೆಗಾಲ ಬಂತು, ನಿಮ್ಮ ಉಬ್ಬಸ ನನಗೆ ಗೊತ್ತು. ಉಸಿರು ಕಟ್ಟಿದಾಗ ಬೆನ್ನು ನೀವುವವರು ಅಲ್ಲಿ ಯಾರಿದ್ದಾರೆ? ಅವ್ವ ನನ್ನ ಮುಂದೆ ಅಳುವುದಿಲ್ಲ. ಊಟಕ್ಕೆ ಮೂರು ಎಲೆ ಹಾಕಿ, ನಿಮ್ಮದನ್ನು ಎತ್ತಿಡುತ್ತಾಳೆ. ಅಟ್ಟದ ಮೇಲಿನ ಕಾಯಿ ಒಣಗಿ ಒಳಗೆ ಕೊಬ್ಬರಿ ಅಲ್ಲಾಡುತ್ತಿದೆ, ಸುಲಿಸಲೋ ಬೇಡವೋ ಎಂದು ಕರಿಯಣ್ಣ ದಿನವೂ ಕೇಳುತ್ತಾನೆ. ಯಜಮಾನರು ಬರಲಿ ಎನ್ನುತ್ತೇವೆ. ಊರು ನಿಮ್ಮ ಕರೆಗೆ ಬಂದಾಯಿತು. ನೀವು ಮಾಡಬೇಕೆಂದಿದ್ದನ್ನು ಮಾಡಿದಿರಿ. ಗೆದ್ದವರು ಮನೆಗೆ ಬರುವುದರಲ್ಲಿ ಯಾವ ಅವಮಾನವೂ ಇಲ್ಲ. ಹೆದರಿ ಹಾಕಿದ ಸಹಿ ಸಹಿಯೇ ಅಲ್ಲ ಎಂದು ಮಗುವಿಗೂ ಗೊತ್ತು. ಯಾರೂ ನಿಮ್ಮನ್ನು ಹೀನಾಯವಾಗಿ ನೋಡುವುದಿಲ್ಲ. ನೋಡಿದರೆ ನಾನಿದ್ದೇನೆ.

ಇಷ್ಟಕ್ಕೂ ನೀವು ಒಪ್ಪದಿದ್ದರೆ ಇನ್ನೊಂದು ದಾರಿ ಇದೆ. ಆ ಒಳಪುಟ ಬರೆದವರು ನೀವಲ್ಲ ಎಂದು ಬಲ್ಲವರು ಒಬ್ಬರಿದ್ದಾರೆ. ಅವರು ಠಾಣೆಗೆ ಹೋಗಿ ಹೇಳಲು ಸಿದ್ಧರಾಗಿದ್ದಾರೆ. ನಿಮ್ಮ ಉತ್ತರಕ್ಕೆ ಕಾಯುತ್ತಾರೆ.

ಗಿರಿಜಾ

~

ತುಮಕೂರು ಜೈಲು
3-8-1976

ಚಿ. ಗಿರಿಜೆಗೆ ಆಶೀರ್ವಾದಗಳು.

ನಮಗೆ ಬರುವ ಕಾಗದಗಳನ್ನು ಇಲ್ಲಿ ಓದಿಯೇ ಕೊಡುತ್ತಾರೆ, ನಾವು ಬರೆದದ್ದನ್ನೂ ಓದಿಯೇ ಕಳುಹಿಸುತ್ತಾರೆ. ಅದರಲ್ಲಿ ಮುಚ್ಚುಮರೆ ಇಲ್ಲ. ನಿನ್ನ ಕಾಗದ ತಂದುಕೊಟ್ಟ ಗುಮಾಸ್ತರ ಕಣ್ಣು ಒದ್ದೆಯಾಗಿತ್ತು. "ಇಂಥ ಮಗಳು ಇಷ್ಟು ಹೇಳಿದ ಮೇಲೂ ಸಹಿ ಹಾಕಬಾರದೇ ಸ್ವಾಮಿ" ಎಂದರು.

ನಿನ್ನ ಬರವಣಿಗೆಗಳಲ್ಲಿ ನಾನು ನೋಡಿದ ಮಟ್ಟಿಗೆ ಇದೇ ಮೇಲಾದದ್ದು. ಮೊದಲು ನನ್ನ ಉಬ್ಬಸ, ಆಮೇಲೆ ನಿನ್ನ ಅವ್ವನ ಎಲೆ, ಆಮೇಲೆ ಅಟ್ಟದ ಕೊಬ್ಬರಿ. ಒಂದೂ ದೊಡ್ಡ ಮಾತಿಲ್ಲ, ಒಂದೂ ಜಾಗ ತಪ್ಪಿಲ್ಲ. ಕೆಂಪು ಶಾಯಿ ಇದ್ದಿದ್ದರೂ ನಾನು ಎಲ್ಲೂ ಮುಟ್ಟುತ್ತಿರಲಿಲ್ಲ. ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಪೆನ್ನು ಕೇಳಿ ತರಿಸಿಕೊಂಡಿದ್ದೂ ನಿಜ.

ಆದರೆ ಸಹಿ ಹಾಕಲಿಲ್ಲ, ಹಾಕುವುದೂ ಇಲ್ಲ. ನಾನು ಬಾಗಿಲು ಬಾಗಿಲಿಗೆ ಹೋಗಿ ನನ್ನ ಹೆಸರಿನಲ್ಲಿ ಕರೆದೆ. ಹೆದರಿಕೆ ಇದ್ದರೂ ಅವರು ಬಂದರು, ಆ ಹೆಸರಿಗೆ ಬಂದರು. ಈಗ ಅದೇ ಹೆಸರನ್ನು ಇನ್ನೊಂದು ಕಾಗದದ ಕೆಳಗೆ ಬರೆದರೆ ಬಂದವರನ್ನೆಲ್ಲ ಅರ್ಧ ಊಟದಲ್ಲಿ ಎಬ್ಬಿಸಿದ ಹಾಗೆ. ಹೆದರಿ ಹಾಕಿದ ಸಹಿ ಸಹಿಯೇ ಅಲ್ಲ ಎಂದು ಬರೆದಿದ್ದೀಯೆ. ಓದಲು ಚೆನ್ನಾಗಿದೆ, ಆದರೆ ನಿನಗೇ ಅದರಲ್ಲಿ ನಂಬಿಕೆ ಇಲ್ಲ. ನಿನ್ನ ಕಾಗದದಲ್ಲಿ ಅದೊಂದೇ ಸಾಲು ಸುಳ್ಳು. ಕತ್ತಲಾಗುವವರೆಗೂ ಕೂತಿದ್ದರು ಎಂದು ಬರೆದೆಯಲ್ಲ, ನನಗೆ ಉಬ್ಬಸಕ್ಕೆ ಅದಕ್ಕಿಂತ ಬೇರೆ ಔಷಧಿ ಬೇಡ. ಕೊಬ್ಬರಿ ಸುಲಿಸಲು ಕರಿಯಣ್ಣನಿಗೆ ಹೇಳು. ಅವ್ವನಿಗೆ ನಾನೇ ಬೇರೆ ಬರೆಯುತ್ತೇನೆ, ನೀನು ಓದಿ ಹೇಳು.

ಇನ್ನು ಆ ಠಾಣೆಗೆ ಹೋಗುವೆನೆಂದವರ ವಿಷಯ. ಅವರು ಯಾರೋ ನನಗೆ ತಿಳಿಯದು. ಆ ಒಳಪುಟ ಬರೆದವನು ನಾನು. ಹಾಗೆಂದು ನನ್ನ ಹೇಳಿಕೆಯಲ್ಲಿ ಬರೆಸಿದ್ದೇನೆ. ನನ್ನದಲ್ಲ ಎಂದು ಯಾರಾದರೂ ಬಂದರೆ ಅವರು ನನ್ನ ಬರವಣಿಗೆಯನ್ನು ಕದಿಯಲು ಬಂದವರು ಎಂದೇ ಹೇಳುತ್ತೇನೆ, ನಂಬುವವರು ನನ್ನನ್ನೇ ನಂಬುತ್ತಾರೆ.

ನಾನೇ ಬರೆದದ್ದಾದ್ದರಿಂದ ಹೊಗಳಿಕೊಳ್ಳಬಾರದು. ಆದರೂ ಇಲ್ಲಿ ಹೊತ್ತು ಹೋಗುವುದಿಲ್ಲ, ಸ್ವಲ್ಪ ಹೊಗಳಿಕೊಳ್ಳುತ್ತೇನೆ. ಅಂಥ ಪುಟವನ್ನು ನಮ್ಮ ಸೀಮೆಯಲ್ಲಿ ಈವರೆಗೆ ಯಾರೂ ಬರೆದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲ ಹುಡುಕಿದರೂ ಸಿಗುವುದಿಲ್ಲ. ಮಕ್ಕಳು ಸುಳ್ಳು ಕಲಿಯುವ ಸಾಲನ್ನು ನಾನು ಮೊದಲು ಹೊಡೆದುಹಾಕಿದ್ದೆ. ಆಗ ನನಗೆ ಬುದ್ಧಿ ಸಾಲದಾಗಿತ್ತು. ಕಟ್ಟೆಯ ಮೇಲೆ ನಿಂತು ಓದುವಾಗ ಆ ಸಾಲಿಗೆ ಬಂದೆ, ಊರು ಉಸಿರು ಹಿಡಿದದ್ದು ನನ್ನ ಕಿವಿಗೆ ಕೇಳಿಸಿತು. ಇದನ್ನು ಬರೆದವರು ಎಂಥವರಿರಬೇಕು ಎಂದು ನನ್ನ ಎದೆ ಉಬ್ಬಿತು. ಬರೆದವನು ನಾನೇ ಎಂದು ಆಮೇಲೆ ನೆನಪಾಯಿತು.

ಓದು ಮುಗಿಸು. ಪರೀಕ್ಷೆ ತಪ್ಪಿಸಬೇಡ.

ಮರುಳಸಿದ್ದಯ್ಯ

~

ನೊಣವಿನಕೆರೆ
20-8-1976

ಅಪ್ಪಾಜಿ,

ಕಾಗದ ತಲುಪಿತು. ಅವ್ವನಿಗೆ ಪೂರ್ತಿ ಓದಿ ಹೇಳಿದೆ. ಕೊನೆಯ ಭಾಗವನ್ನು ಮೂರು ಸಲ ಓದಿಸಿದಳು. ಆಮೇಲೆ, "ನಿಮ್ಮಪ್ಪ ತನ್ನ ತಾನೇ ಇಷ್ಟು ಹೊಗಳ್ಕಂಡಿದ್ದು ಇದೇ ಮೊದ್ಲು ಕಣೇ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.

ಠಾಣೆಗೆ ಹೋಗಬೇಕೆಂದಿದ್ದವರು ಹೋಗಲಿಲ್ಲ. ನಾಳೆ ಮೈಸೂರಿಗೆ ಹೊರಡುತ್ತೇನೆ.

ಗಿರಿಜಾ

~

ಮೈಸೂರು
8-2-1977

ತೀರ್ಥರೂಪು ಅಪ್ಪಾಜಿಯವರಿಗೆ ಶರಣಾರ್ಥಿ.

ನೀವು ಮನೆಗೆ ಬಂದ ದಿನ ಸದಾಶಿವಯ್ಯನವರು ಅಂಗಡಿ ಮುಚ್ಚಿ ಬಸ್ಸಿನ ಹತ್ತಿರ ಬಂದು ನಿಮ್ಮ ಗಂಟು ಹೊತ್ತರು ಎಂದು ಅತ್ತೆ ಬಂದು ಹೇಳಿದರು. ಉಬ್ಬಸಕ್ಕೆ ಕಷಾಯ ತಪ್ಪಿಸಬೇಡಿ. ಇಲ್ಲಿಯ ಗೆಳೆಯರೂ ಬಿಡುಗಡೆಯಾಗಿದ್ದಾರೆ. ಸೊರಗಿದ್ದಾರೆ, ಆದರೂ ಬಂದವರೇ ಚುನಾವಣೆಯ ಕೆಲಸಕ್ಕೆ ಇಳಿದರು.

ತುರ್ತು ಪರಿಸ್ಥಿತಿಯನ್ನು ಇನ್ನೂ ತೆಗೆದಿಲ್ಲ. ಚುನಾವಣೆ ಮುಗಿದ ಮೇಲೆ ಮತ್ತೆ ಎಲ್ಲರನ್ನೂ ಹಿಡಿಯುತ್ತಾರೆ ಎಂದು ಹೇಳುವವರೂ ಇದ್ದಾರೆ. ನಾವು ಒಂದು ಕರಪತ್ರ ಅಚ್ಚು ಹಾಕಿಸಿದೆವು. ಬರೆದದ್ದು ನಾನು. ಕೆಳಗೆ ಏನು ಹಾಕಲಿ ಎಂದು ಪ್ರೆಸ್ಸಿನವರು ಕೇಳಿದರು. ಪ್ರಜಾಪ್ರಭುತ್ವವಾದಿಗಳು ಎಂದು ಹಾಕಿ ಸಾಕು ಎಂದು ಗೆಳೆಯರು ಹೇಳಿದರು, ನನ್ನ ಒಳ್ಳೆಯದಕ್ಕೇ ಹೇಳಿದರು. ನಾನು ಚೀಟಿಯಲ್ಲಿ ಬರೆದುಕೊಟ್ಟೆ. ಪ್ರೆಸ್ಸಿನವರು ಚೀಟಿಯನ್ನೂ ನನ್ನನ್ನೂ ನೋಡಿ, "ಇದು ಇರಲೇಬೇಕಾ ತಾಯಿ?" ಎಂದರು. ಇದಿಲ್ಲದಿದ್ದರೆ ನಮ್ಮೂರಲ್ಲಿ ಮೇಲಿನದನ್ನು ಯಾರೂ ಓದುವುದಿಲ್ಲ ಎಂದೆ.

ಕಟ್ಟು ಕಳುಹಿಸಿದ್ದೇನೆ. ಕೆಳಗೆ ಹೀಗಿದೆ: "ಗಿರಿಜಾಂಬಿಕಾ, ನೊಣವಿನಕೆರೆ ಮರುಳಸಿದ್ದಯ್ಯನವರ ಮಗಳು."

ಬಾಗಿಲು ಬಾಗಿಲಿಗೆ ನೀವೇ ಕೊಡಿ. ಬರೆದವರು ಯಾರು ಎಂದು ಕೇಳಿದರೆ, ಈ ಸಲ ನಿಜ ಹೇಳಿ.

ನಿಮ್ಮ ಮಗಳು,
ಗಿರಿಜಾ

~

ನೊಣವಿನಕೆರೆ
27-3-1977

ಚಿ. ಗಿರಿಜೆಗೆ ಆಶೀರ್ವಾದಗಳು.

ತುರ್ತು ಪರಿಸ್ಥಿತಿ ಹೋಯಿತು ಎಂದು ರೇಡಿಯೋದಲ್ಲಿ ಕೇಳಿದೆವು. ದೆಹಲಿಯಲ್ಲಿ ನಾವು ಗೆದ್ದೆವು, ನಮ್ಮ ಕ್ಷೇತ್ರದಲ್ಲಿ ಸೋತೆವು. ನಮ್ಮ ರಾಜ್ಯದಲ್ಲೇ ಹೆಚ್ಚುಕಡಿಮೆ ಎಲ್ಲ ಕಡೆ ಸೋತೆವು. ಇಷ್ಟು ಚೆನ್ನಾಗಿ ಬರೆದು ಇಷ್ಟು ಚೆನ್ನಾಗಿ ಸೋತವರು ಯಾರೂ ಇರಲಾರರು. ಸದಾಶಿವಯ್ಯ, "ದಿಲ್ಲಿಯೋರು ಓದ್ಕಂಡವ್ರೆ, ನಮ್ಮೋರು ಇನ್ನೂ ಓದ್ತಾ ಅವ್ರೆ ಕಣ್ರೀ, ಮುಂದಿನ್ ಸಲ ನೋಡಾನ ಬುಡಿ" ಎಂದು ಸಮಾಧಾನ ಹೇಳಿದ. ಅವನು ವೋಟು ಯಾರಿಗೆ ಹಾಕಿದ ಎಂದು ನಾನು ಕೇಳಲಿಲ್ಲ.

ನಿನ್ನ ಕಾಗದವನ್ನು ನಾನೇ ಮನೆಮನೆಗೆ ಕೊಟ್ಟು ಬಂದೆ. ಶೆಟ್ಟಿಕೆರೆ, ಹುಳಿಯಾರಿನವರೆಗೂ ಬಸ್ಸಿನಲ್ಲಿ ಹೋದೆ. ನಿನ್ನ ಅವ್ವ ಬೇಡವೆಂದಳು, ಎದೆಯೂ ಬೇಡವೆಂದಿತು, ಇಬ್ಬರ ಮಾತನ್ನೂ ಕೇಳಲಿಲ್ಲ. ಎಲ್ಲ ಕಡೆಯೂ ಜನ ಮೊದಲು ಕೆಳಗೆ ನೋಡಿ ಆಮೇಲೆ ಮೇಲಿನಿಂದ ಓದಿದರು. ಬರವಣಿಗೆಯಲ್ಲಿ ಎರಡು ಕಡೆ ನನ್ನ ಆಕ್ಷೇಪಣೆ ಇದೆ, ನೀನು ಬಂದಾಗ ಜಗಳವಾಡೋಣ.

ಬರೆದವರು ಯಾರು ಎಂದು ಕೇಳಿದರೆ ನಿಜ ಹೇಳಿ ಎಂದಿದ್ದೆ. ಕೇಳಿದವರಿಗೆ ಹೇಳಿದೆ. ಕೇಳದೆ ಹೋಗುತ್ತಿದ್ದವರನ್ನು ನಿಲ್ಲಿಸಿಕೊಂಡು ಹೇಳಿದೆ.

ನಿನ್ನ ತಂದೆ,
ಮರುಳಸಿದ್ದಯ್ಯ